ಹೊಲಿಗೆ ಮುಗಿದ ಮೇಲೆ ನಾಯಿ ಪಕ್ಕ ಯಾರು ಕೂರಬೇಕು?

ಪ್ರಶ್ನೆ: ಕ್ಲಿನಿಕ್ ಸಹಾಯಕಿ, ಹುಬ್ಬಳ್ಳಿ
ಅರಿವಳಿಕೆ ಕೊಟ್ಟಾಗಿನಿಂದ ಹೊಲಿಗೆ ಮುಗಿಯುವವರೆಗೂ ಎಲ್ಲರ ಕಣ್ಣು ನಾಯಿ ಮೇಲೇ ಇರುತ್ತದೆ. ಮುಗಿದ ಕೂಡಲೇ ಡಾಕ್ಟರ್ ಮುಂದಿನ ಕೇಸಿಗೆ, ನಾನು ಟೇಬಲ್ ಒರೆಸೋಕೆ. ನಾಯಿ ಮೂಲೆಯ ಪಂಜರದಲ್ಲಿ ಒಂಟಿ. ನಾಳೆ ಒಂದು ಪಗ್‌ಗೆ ಗರ್ಭಕೋಶ ತೆಗೆಯುತ್ತಾರೆ. ಉಸಿರಾಟಕ್ಕೆ ಗಂಟಲಲ್ಲಿ ಇಳಿಸಿದ ಟ್ಯೂಬ್ ಯಾವಾಗ ತೆಗೆಯಬೇಕು? ಎಷ್ಟು ಹೊತ್ತು ಪಕ್ಕದಲ್ಲಿರಬೇಕು?

ಉತ್ತರ 1: ಪಶುವೈದ್ಯ
ಹೆಚ್ಚು ಭಯ ಪಡಬೇಕಾದ್ದು ಆ ಪಂಜರದ ಹೊತ್ತಿಗೇ. ಬ್ರಿಟನ್‌ನಲ್ಲಿ 2002ರಿಂದ 2004ರವರೆಗೆ ಅರಿವಳಿಕೆ ಕೊಟ್ಟ ಸುಮಾರು 98,000 ನಾಯಿಗಳ ಲೆಕ್ಕ ಇಟ್ಟರು. ಸತ್ತವುಗಳಲ್ಲಿ ಹತ್ತಿರ ಹತ್ತಿರ ಅರ್ಧ ಸತ್ತದ್ದು ಆಪರೇಷನ್ ಮುಗಿದ ಮೇಲೆ. ಬೆಕ್ಕುಗಳಲ್ಲಿ ಇನ್ನೂ ಜಾಸ್ತಿ, ನೂರಕ್ಕೆ 60ರಷ್ಟು. ಹೀಗೆ ಆಪರೇಷನ್ ಮುಗಿದ ಮೇಲೆ ಸತ್ತವುಗಳಲ್ಲೂ ಹೆಚ್ಚಿನವು ಮೊದಲ 3 ಗಂಟೆಯೊಳಗೇ ಹೋದವು.
ಬೇರೆ ನಾಯಿಗೆ ನುಂಗುವುದು ಶುರುವಾದರೆ ಟ್ಯೂಬ್ ತೆಗೆಯಬಹುದು. ಪಗ್‌ಗೆ ಅವಸರ ಬೇಡ. ಅದರ ಬಾಯಿಯ ಅಂಗುಳ ಉದ್ದ, ಮೂಗು ಕಿರಿದು, ಅರೆನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ. ಎದೆ ಮೇಲೆ ಮಲಗಿಸಿ, ತಲೆ ಎತ್ತಿ ಇಟ್ಟು, ತಾನೇ ತಲೆ ಎತ್ತಿ ಟ್ಯೂಬನ್ನು ಅಗಿಯುವವರೆಗೂ ಬಿಡಿ. ಇನ್ನೊಂದು ಟ್ಯೂಬ್, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್, ಆಕ್ಸಿಜನ್ ಕೈಗೆ ಸಿಗುವಂತಿರಲಿ.

ಉತ್ತರ 2: ಬೀದಿನಾಯಿ ಸಂತಾನಹರಣ ಕೇಂದ್ರದಲ್ಲಿ ಕೆಲಸ
ಥರ್ಮಾಮೀಟರ್ ಮರೆಯಬೇಡಿ. ನಾಯಿಯ ಮಾಮೂಲಿ ಬಿಸಿ 38ರಿಂದ 39 ಡಿಗ್ರಿ. ಹೊಟ್ಟೆ ತೆರೆದು ಸ್ಟೀಲ್ ಟೇಬಲ್ ಮೇಲೆ ಮಲಗಿದರೆ ಸರಸರ ಇಳಿಯುತ್ತದೆ, ತಣ್ಣಗಾದ ನಾಯಿ ಏಳುವುದೂ ತಡ. ಕೆಳಗೆ ಕಂಬಳಿ ಹಾಸಿ. ಬಿಸಿನೀರಿನ ಬಾಟಲಿಯನ್ನು ಟವೆಲ್ ಸುತ್ತದೆ ಇಡಲೇಬೇಡಿ, ಸುಟ್ಟರೂ ಮಲಗಿದ ನಾಯಿ ಸರಿಯುವುದಿಲ್ಲ. ಕೆಟಮಿನ್ ಅನ್ನೋ ಅರಿವಳಿಕೆ ಮದ್ದು ಕೊಟ್ಟಿದ್ದರೆ ಕಣ್ಣು ತೆರೆದೇ ಇರುತ್ತದೆ, ಒಣಗದಂತೆ ಕಣ್ಣಿನ ಮುಲಾಮು ಹಚ್ಚಿ.

ಉತ್ತರ 3: ಊರಿನ ಸಣ್ಣ ಕ್ಲಿನಿಕ್‌ನವನು
ಹೇಳೋಕೆ ಸುಲಭ ಸ್ವಾಮಿ. ಇರೋದೇ ಒಬ್ಬಳು ಸಹಾಯಕಿ. ರಕ್ತದಲ್ಲಿನ ಆಕ್ಸಿಜನ್ ತೋರಿಸೋ ಪಲ್ಸ್ ಆಕ್ಸಿಮೀಟರ್ ನಾಲಿಗೆಗೆ ಹಾಕಿಟ್ಟರೆ ಸಾಲದೇ?

ಉತ್ತರ 4: ಪಶುವೈದ್ಯ
ಸಾಲದು. ಆಕ್ಸಿಜನ್ ಮೇಲಿದ್ದಾಗ ಉಸಿರಾಟ ತೀರಾ ಕಮ್ಮಿಯಾದರೂ ಅದು ಸ್ವಲ್ಪ ಹೊತ್ತು 98 ಅಂತಲೇ ತೋರಿಸುತ್ತದೆ. ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇದ್ದರೆ ಮೊದಲೇ ಹೇಳುತ್ತದೆ, ಇಲ್ಲದಿದ್ದರೆ ಎದೆ ಏರಿಳಿಯುವುದನ್ನು ನೋಡುವ ಕಣ್ಣು ಬೇಕು, ವಸಡಿನ ಬಣ್ಣ ನೋಡಬೇಕು. ಕತ್ತರಿ ತೊಳೆಯುವುದು ಕಾಯಬಹುದು, ಅಲ್ವಾ? ಜನ ಇಲ್ಲ ಅಂದರೆ ಎರಡು ಕೇಸಿನ ನಡುವೆ ಅರ್ಧ ಗಂಟೆ ಬಿಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ನಾಳೆ ಪಗ್ಗನ್ನೇ ಮೊದಲ ಕೇಸ್ ಮಾಡಿ ಅಂತ ಡಾಕ್ಟರ್‌ಗೆ ಕೇಳುತ್ತೇನೆ, ಆಗ ಇಡೀ ದಿನ ಕಣ್ಣೆದುರಿಗೇ ಇರುತ್ತದೆ.