ಹುಬ್ಬಳ್ಳಿ–ಧಾರವಾಡದಾಗ ಸ್ವಂತ ಮನಿ: ನವನಗರನೋ, ಸತ್ತೂರೋ, ಕುಸುಗಲ್ಲ ರೋಡೋ? (ಚರ್ಚೆ; ಪ್ರತಿ ಮಾತಿನ ಮ್ಯಾಲ ಬರೆದವರ ಅಡ್ಡಹೆಸರು ಐತಿ)

ಮನಿ ಬೇಕಾಗೇತಿ:

ಎಲ್ಲಾರಿಗೂ ನಮಸ್ಕಾರ. ನಾವು ಐದು ಮಂದಿ: ದುಡಿಯೋರು ಇಬ್ಬರು, ಸಾಲಿಗೆ ಹೋಗೋ ಮಕ್ಕಳು ಇಬ್ಬರು, ಮತ್ತ ಮೊಣಕಾಲು ನೋವಿರೋ ಅವ್ವ. ಒಬ್ಬರ ಕೆಲಸ ಧಾರವಾಡ ಜುಬ್ಲಿ ಸರ್ಕಲ್ ಹತ್ರ, ಇನ್ನೊಬ್ಬರದು ಹುಬ್ಬಳ್ಳಿ ವಿದ್ಯಾನಗರದಾಗ. ಎಲ್ಲಾ ಸೇರಿ 60 ಲಕ್ಷದ ಲೆಕ್ಕ ಹಾಕೇವಿ. ಕಟ್ಟಿದ ಮನಿ ಆದರೂ ನಡೀತೈತಿ, ಇಲ್ಲಾ 30×40 ಪ್ಲಾಟ್ ತಗೊಂಡು ಕಟ್ಟಿಸಿದರೂ ನಡೀತೈತಿ.

ಸದ್ಯ ಕಣ್ಣಾಗ ಇರೋವು ನಾಲ್ಕು: ನವನಗರದಾಗ ಒಂದು ಹಳೇ ಮನಿ, ಸತ್ತೂರ ಹತ್ರ ಹೊಸ ಲೇಔಟ್, ಕುಸುಗಲ್ಲ ರೋಡಿನಾಗ ಪ್ಲಾಟ್, ಕೆಲಗೇರಿ ಆಚೆ ಒಂದು ಗುಂಠಾ ಪ್ಲಾಟ್. ಗುಂಠಾದ್ದು ಉಳಿದವಕ್ಕಿಂತ ಭಾಳ ಅಗ್ಗ. ಯಾವುದು ಬಿಡಬೇಕು, ಯಾವುದು ಹಿಡೀಬೇಕು? ನೋಡಾಕ ಹೋದಾಗ ಏನೇನು ತಪಾಸಣೆ ಮಾಡಬೇಕು?

ನಳದ ಪಾಳಿ:

ಏರಿಯಾದ ಹೆಸರು ಆಮ್ಯಾಲ, ಮೊದಲ ನಳದ ಪಾಳಿ ಕೇಳ್ರಿ. ಅವಳಿ ನಗರಕ್ಕ ಮುಖ್ಯವಾಗಿ ನೀರು ಬರೋದು ಮಲಪ್ರಭಾದಿಂದ. ಸವದತ್ತಿ ಜಲಾಶಯದ ನೀರು ಅಮ್ಮಿನಬಾವಿಯಾಗ ಶುದ್ಧ ಆಗಿ ಇಲ್ಲಿಗೆ ಬರತೈತಿ. 2008ರಿಂದ ಕೆಲವು ವಾರ್ಡಿಗೆ 24 ತಾಸಿನ ನೀರು ಶುರು ಆತು, ಉಳಿದ ಕಡೆ ಪಾಳಿ ಮ್ಯಾಲ. ಒಂದ ಬಡಾವಣೆಯಾಗ ಎರಡು ಓಣಿ ದಾಟಿದರ ಪಾಳಿ ಬ್ಯಾರೆ ಆಗಬಹುದು. ಹಿಂಗಾಗಿ ಮಾರೋರನ್ನ ಕೇಳಬ್ಯಾಡ್ರಿ, ಆಜುಬಾಜು ಮೂರು ಮನಿಯವರನ್ನ ಕೇಳ್ರಿ: ಎಷ್ಟು ದಿನಕ್ಕೊಮ್ಮೆ, ಎಷ್ಟು ತಾಸು, ಮೇ ತಿಂಗಳಾಗ ಹೆಂಗ, ಮೋಟರ್ ಹಚ್ಚದ ನೀರು ಸಂಪಿಗೆ ಬೀಳತೈತೇನು.

ಲೆಕ್ಕ ಸರಳ ಐತಿ. ಒಬ್ಬರಿಗೆ ದಿನಕ್ಕ 135 ಲೀಟರ್ ಹಿಡೀರಿ. ಐದು ಮಂದಿಗೆ 675. ಆರು ದಿನಕ್ಕೊಮ್ಮೆ ಬರೋ ಓಣಿ ಆದರ 4,050 ಲೀಟರ್ ಬೇಕು. ಪಾಳಿ ಒಂದು ದಿನ ತಪ್ಪಿದರ ಅನ್ನೋದಕ್ಕ ಸೇರಿಸಿ 5,000 ಲೀಟರಿನ ಸಂಪು: 8 ಫೂಟ ಉದ್ದ, 5 ಫೂಟ ಅಗಲ, ನೀರಿನ ಆಳ ನಾಲ್ಕೂವರೆ ಫೂಟ. ಹಳೇ ಮನಿಗಳಾಗ 2,000 ಲೀಟರಿನ ಸಂಪು ಇರತಾವು. ಆಮ್ಯಾಲ ದೊಡ್ಡದು ಮಾಡ್ತೀವಿ ಅಂದರ ಪಾರ್ಕಿಂಗ್ ಫರಸಿ ಒಡೀಬೇಕು, ಪಾಯಾಕ್ಕ ಹತ್ತಿಕೊಂಡು ಅಗೀಬೇಕು. ಅದನ್ನ ಈಗ ಲೆಕ್ಕಕ್ಕ ಹಿಡೀರಿ.

ಇನ್ನ ಓಡಾಟ. ವಿದ್ಯಾನಗರ, ಜುಬ್ಲಿ ಸರ್ಕಲ್ ಎರಡೂ ಹಳೇ ಪಿ.ಬಿ. (ಪುಣೆ–ಬೆಂಗಳೂರು) ರೋಡಿನ ಮ್ಯಾಲ, ಚಿಗರಿ ಅನ್ನೋ ತ್ವರಿತ ಬಸ್ಸಿನ ಸಾಲಿನಾಗ ಬರತಾವು. ನವನಗರ, ರಾಯಾಪುರ, ಸತ್ತೂರ ಮೂರೂ ಅದರ ನಡುವ ಅದಾವು. ಒಬ್ಬರು ಈ ಕಡೆ ಹತ್ತಬೇಕು, ಒಬ್ಬರು ಆ ಕಡೆ. ಕುಸುಗಲ್ಲ ರೋಡಿನಿಂದ ಆದರ ಕೇಶ್ವಾಪುರ ದಾಟಿ ಊರೊಳಗಿಂದ ಬಂದು ಪಿ.ಬಿ. ರೋಡ್ ಹಿಡೀಬೇಕು, ಧಾರವಾಡಕ್ಕ ದಿನಾ ಹೋಗೋರಿಗೆ ಅದು ಭಾರ. ಆದರ ಬಸ್ ಸ್ಟಾಪಿನಿಂದ ಮನಿಗೆ ಎಷ್ಟು ದೂರ ಅನ್ನೋದನ್ನ ಗಾಡಿ ಮ್ಯಾಲ ಅಳೀಬ್ಯಾಡ್ರಿ, ಅವ್ವಾರನ್ನ ಕರಕೊಂಡು ನಡದು ನೋಡ್ರಿ. 800 ಮೀಟರ್ ಮೀರಿದರ ಮಳಿಗಾಲದಾಗ ಆಟೋನ ಗತಿ. ದವಾಖಾನಿ ವಿಚಾರಕ್ಕ ಈ ಸಾಲು ಚಲೋ: ಒಂದು ತುದಿಗೆ ಕಿಮ್ಸ್, ಸತ್ತೂರಾಗ ಎಸ್‌ಡಿಎಂ.

ಒಂದು ಜೋರು ಮಳಿ ಬಂದು ನಿಂತ ಅರ್ಧ ತಾಸಿಗೆ ಓಣಿಗೆ ಹೋಗ್ರಿ. ಬಿಸಲಾಗ ಎಲ್ಲಾ ಓಣಿನೂ ಚಲೋನ ಕಾಣತಾವು.

ಗರಸು:

ನೀರಿನ ನಂತರದ ಮಾತು ಮಣ್ಣು. ಈ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಮನೆ ನೋಡಬಾರದು. ಹುಬ್ಬಳ್ಳಿಯಿಂದ ಪೂರ್ವಕ್ಕೆ, ಅಂದರೆ ಕುಸುಗಲ್ಲ ರಸ್ತೆ, ಗದಗ ರಸ್ತೆ ಕಡೆ ಹೋದಷ್ಟೂ ಎರೆ (ಕಪ್ಪು ಜಿಗುಟು ಮಣ್ಣು) ಹೆಚ್ಚು. ಧಾರವಾಡದ ಪಶ್ಚಿಮಕ್ಕೆ ಮಸಾರಿ (ಕೆಂಪು ಮಣ್ಣು), ಕೆಳಗೆ ಗರಸು (ಗಟ್ಟಿ ಜಲ್ಲಿಮಣ್ಣು) ಬೇಗ ಸಿಗುತ್ತದೆ. ನಡುವಿನ ಪಟ್ಟಿಯಲ್ಲಿ ಎರಡೂ ಬೆರೆತಿದೆ. ಅಲ್ಲಿ ಪ್ಲಾಟಿಗೊಂದು ಗುಂಡಿ ತೋಡಿಯೇ ನೋಡಬೇಕು.

ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮನೆಯ ಅಂಚಿನ ಮಣ್ಣು ನೆನೆದು ಒಣಗುತ್ತಾ ಇರುತ್ತದೆ, ನಡುಮನೆಯ ಕೆಳಗಿನದು ಹಸಿಯಾಗಿಯೇ ಇರುತ್ತದೆ. ಗೋಡೆ ಬಿರುಕು ಬಿಡುವುದು ಈ ವ್ಯತ್ಯಾಸದಿಂದ. ಪಾಯದ ಕಲ್ಲು ಎಷ್ಟು ಗಟ್ಟಿ ಎನ್ನುವುದಕ್ಕಿಂತ ಪಾಯ ಯಾವ ಪದರದ ಮೇಲೆ ಕುಳಿತಿದೆ ಎನ್ನುವುದು ದೊಡ್ಡದು.

ಪ್ಲಾಟ್ ಆದರೆ ಸಂಚಕಾರ (ಮುಂಗಡ ಹಣ) ಕೊಡುವ ಮೊದಲೇ ಒಪ್ಪಿಗೆ ಪಡೆದು ಎರಡು ಮೂಲೆಯಲ್ಲಿ 6ರಿಂದ 8 ಅಡಿ ಗುಂಡಿ ತೋಡಿಸಿ. ಐದಾರು ಅಡಿಯೊಳಗೆ ಗರಸು ಸಿಕ್ಕರೆ ಎರೆಯನ್ನು ಪೂರ್ತಿ ತೆಗೆದು ಗರಸಿನ ಮೇಲೆಯೇ ಪಾಯ ಇಡಬಹುದು. ಸಿಗದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಉಬ್ಬುವ ಗುಣದ ಪರೀಕ್ಷೆ ಸರಳ: ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿನ ಗಾಜಿನ ಅಳತೆ ಕೊಳವೆಯಲ್ಲಿ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಯ ಕೊಳವೆಯಲ್ಲಿ ಹಾಕಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನದು ಅದಕ್ಕಿಂತ ಶೇ. 50ಕ್ಕೂ ಹೆಚ್ಚು ಉಬ್ಬಿದ್ದರೆ ಸಾಮಾನ್ಯ ಕಲ್ಲಿನ ಪಾಯ ಅಲ್ಲಿ ನಡೆಯದು. ಆಗ ಸುಮಾರು 3.5 ಮೀಟರ್ ಆಳದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಹಾಕಿ, ಮೇಲೆ ಪ್ಲಿಂತ್ ಬೀಮ್ ಕಟ್ಟಬೇಕು. ಬೀಮಿನ ಕೆಳಗೆ ಮಣ್ಣು ಉಬ್ಬಲು ಮೂರು ಇಂಚಿನಷ್ಟು ಖಾಲಿ ಜಾಗ ಇರಲೇಬೇಕು. ಮೇಸ್ತ್ರಿಗಳು ಹೆಚ್ಚಾಗಿ ಮುಚ್ಚಿಬಿಡುವುದು ಈ ಖಾಲಿ ಜಾಗವನ್ನೇ, ಆಮೇಲೆ ಬೀಮೇ ಮೇಲಕ್ಕೆ ಏಳುತ್ತದೆ. ಇನ್ನೊಂದು ತಪ್ಪು, ಅಗೆದ ಎರೆಯನ್ನೇ ನೆಲದ ಕೆಳಗೆ ವಾಪಸ್ ತುಂಬುವುದು. ಗರಸನ್ನೇ ತುಂಬಿಸಿ, 8–9 ಇಂಚಿನ ಪದರ ಹಾಕಿ, ನೀರು ಹೊಡೆದು ದಮ್ಮಸು ಮಾಡಿ, ಆಮೇಲೆ ಮುಂದಿನ ಪದರ.

ಕಟ್ಟಿದ ಮನೆಯಾದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ವಾಲಿದ ಕಾಂಪೌಂಡ್, ನಡುಮನೆಯಲ್ಲಿ ಉಬ್ಬಿದ ಟೈಲ್ಸ್, ಕೆಳಗೆ ತಿಕ್ಕಿ ಸವೆಸಿದ ಬಾಗಿಲು, ಇವನ್ನು ನೋಡಿ. ಒಂದೇ ಕೋಣೆಗೆ ಹೊಸ ಬಣ್ಣ ಹೊಡೆದಿದ್ದರೆ ಆ ಗೋಡೆಯ ಹೊರಮೈಗೆ ಹೋಗಿ ನೋಡಿ. ಒಳಗೆ ಪುಟ್ಟಿ ಹಚ್ಚಿದವರು ಹೊರಗೆ ಬಿಟ್ಟಿರುತ್ತಾರೆ.

ಉತಾರ ಓದ್ರಿ:

ಇಬ್ಬರೂ ಛಲೋ ಹೇಳ್ಯಾರ. ಕಾಗದಪತ್ರದ ಮಾತು ನಾ ಹೇಳ್ತೀನಿ. ಗುಂಠಾ ಪ್ಲಾಟ್ ಇವತ್ತ ಪಟ್ಟಿಯಿಂದ ತಗದುಬಿಡ್ರಿ.

ಗುಂಠಾ ಅಂದ್ರ 33 ಫೂಟ × 33 ಫೂಟ, 1,089 ಚದರ ಫೂಟ. ಎಕರೆಕ್ಕ 40 ಗುಂಠಾ. ಎನ್‌ಎ (ಕೃಷಿಯೇತರ ಅಂತ ಪರಿವರ್ತನೆ) ಆಗದ ಹೊಲವನ್ನ ಹಿಂಗ ತುಂಡು ಮಾಡಿ ಮಾರತಾರ. ಉತಾರದಾಗ (ಪಹಣಿಯಾಗ) ಹತ್ತಾರು ಹೆಸರು ಒಟ್ಟಿಗೆ ಕೂತಿರ್ತಾವ, ನಿಮ್ಮ ಗುಂಠಾ ಯಾವುದು ಅಂತ ಯಾವ ನಕಾಶದಾಗೂ ಇರೂದಿಲ್ಲ. ರಸ್ತೆ ಅಂತ ತೋರಿಸಿದ್ದು ಇನ್ನೂ ಹೊಲದ ಮಾಲಕರ ಹೆಸರಲ್ಲೇ ಅದ. ಕಟ್ಟಡ ಪರವಾನಗಿ ಸಿಗೂದಿಲ್ಲ, ಬ್ಯಾಂಕ್ ಸಾಲ ಸಿಗೂದಿಲ್ಲ, ಒಳಚರಂಡಿ ಬರೂದಿಲ್ಲ. ಮುಂದ ಬಿ ಖಾತಾ ಮಾಡಿಸಿಕೊಡ್ತೀವಿ ಅಂತಾರ. ಬಿ ಖಾತಾ ಅಂದ್ರ ಕರ ಕಟ್ಟಲಿಕ್ಕೆ ಒಂದು ದಾಖಲೆ. ಅದರಿಂದ ಲೇಔಟ್ ಸಕ್ರಮ ಆಗೂದಿಲ್ಲ.

ಸತ್ತೂರ ಲೇಔಟಿಗೆ ನಾಕು ಕಾಗದ ಕೇಳ್ರಿ: ಜಿಲ್ಲಾಧಿಕಾರಿಗಳ ಎನ್‌ಎ ಆದೇಶ, ಹುಡಾ (ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕಾಶ, ನಿಮ್ಮ ಪ್ಲಾಟ್ ನಂಬರ್ ಬಿಡುಗಡೆ ಆದ ಪತ್ರ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ. 500 ಚದರ ಮೀಟರ್ ಮೀರಿದ ಲೇಔಟಿಗೆ ರೇರಾ ಕಡ್ಡಾಯ, ನಂಬರ್ ತಗೊಂಡು ಅವರ ಜಾಲತಾಣದಾಗ ನೀವ ನೋಡ್ರಿ. ಮೂರನೇದ್ದನ್ನ ಭಾಳ ಜನ ಕೇಳೂದಿಲ್ಲ. ಲೇಔಟ್ ಮಂಜೂರಾದ ಕೂಡ್ಲೆ ಎಲ್ಲಾ ಪ್ಲಾಟ್ ಮಾರಲಿಕ್ಕೆ ಬರೂದಿಲ್ಲ. ರಸ್ತೆ, ಚರಂಡಿ, ಲೈಟು ಆದಂಗ ಹಂತ ಹಂತವಾಗಿ ಬಿಡತಾರ. ಕೆಲಸ ಮುಗಿದ ಮ್ಯಾಲ ಪಾಲಿಕೆಗೆ ಹಸ್ತಾಂತರ ಆಗ್ಯದನೋ ಇಲ್ಲೋ ಅದನ್ನೂ ಕೇಳ್ರಿ. ಹಸ್ತಾಂತರ ಆಗದ ಲೇಔಟಿನಾಗ ಬೀದಿ ದೀಪ ಕೆಟ್ಟರ ಯಾರಿಗೆ ಹೇಳಬೇಕು ಅನ್ನೂದ ತಿಳಿಯೂದಿಲ್ಲ.

ಜಾಗದಾಗ ನಿಂತು ಮೊಬೈಲಿನಾಗ ದಿಶಾಂಕ್ ಆ್ಯಪ್ ತಗೀರಿ. ನೀವು ನಿಂತ ಸರ್ವೆ ನಂಬರ್ ಬರ್ತದ. ಮಾರವರು ಹೇಳಿದ ನಂಬರಿಗೆ ಅದು ಕೂಡ್ಬೇಕು. ಹಳ್ಳ, ಬ ಖರಾಬ (ದಾರಿ, ಹಳ್ಳದಂಥಾ ಸಾರ್ವಜನಿಕ ಬಳಕೆಯ ಜಾಗ) ಪ್ಲಾಟಿನೊಳಗ ಹಾದಿದ್ರ ಅಲ್ಲೇ ತಿರುಗಿ ಬರ್ರಿ. ಆಮ್ಯಾಲ ಹೊಲ ಇದ್ದಾಗಿನ ಹಳೇ ಉತಾರದ 11ನೇ ಕಾಲಮ್ ಓದ್ರಿ, ಬೋಜಾ (ಸಾಲದ ಭಾರ) ಕೂಡೂದು ಅಲ್ಲೇ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ 1978ರ ಕಾಯ್ದೆ ಪ್ರಕಾರ ಅಸಿಂಧು, ನಡುವ ಎಷ್ಟು ಕೈ ಬದಲಾದ್ರೂ ಅಷ್ಟ. ಪಿತ್ರಾರ್ಜಿತ ಇದ್ರ ವಾಟ್ನಿ (ಪಾಲು ವಿಭಾಗದ) ಪತ್ರದಾಗ ಹೆಣ್ಣುಮಕ್ಕಳ ಸಹಿ ಅದನೋ ನೋಡ್ರಿ. ಅಣ್ಣ ತಮ್ಮಂದಿರಷ್ಟ ಸಹಿ ಮಾಡಿದ ವಾಟ್ನಿ ಮ್ಯಾಲ ಕೊಂಡ ಆಸ್ತಿಗಳೇ ಮುಂದ ಕೋರ್ಟಿಗೆ ಹೋಗ್ತಾವ.

ನವನಗರದ ಹಳೇ ಮನಿಗೆ ಪಾಲಿಕೆ ಇ-ಖಾತಾ, ಸಿಟಿಎಸ್ (ನಗರ ಸರ್ವೆ) ಉತಾರ ಇದ್ರ ಅದು, ಮೊದಲಿನ ಹಂಚಿಕೆ ಪತ್ರದಿಂದ ಹಿಡಿದು ಎಲ್ಲಾ ಖರೇದಿ ಪತ್ರ, 30 ವರ್ಷದ ಋಣಭಾರ ಪತ್ರ ಬೇಕು. 2004ರ ಏಪ್ರಿಲ್ ನಂತರದ್ದು ಕಾವೇರಿ ಜಾಲತಾಣದಾಗ ಸಿಗ್ತದ, ಹಿಂದಿಂದಕ್ಕ ಉಪನೋಂದಣಿ ಕಚೇರಿಗೆ ಅರ್ಜಿ ಕೊಡ್ರಿ.

ರೊಕ್ಕದ ಲೆಕ್ಕ ಒಂದು ತಪ್ಪೇದ. 60 ಲಕ್ಷದ ಮನಿಗೆ ಮುದ್ರಾಂಕ ಶುಲ್ಕ ಸೆಸ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಎರಡೂ ಸೇರಿ 4.56 ಲಕ್ಷ. ಬ್ಯಾಂಕು ಈ ಖರ್ಚಿಗೆ ಸಾಲ ಕೊಡೂದಿಲ್ಲ, ಮನಿ ಬೆಲೆಗೂ ಶೇ. 80ರಷ್ಟ, ಅಂದ್ರ ಹೆಚ್ಚಂದ್ರ 48 ಲಕ್ಷ. ಉಳಿದ 12 ಲಕ್ಷ ಕೂಡಿಸಿದ್ರ ಕೈಯಾಗ ಕಡಿಮಿ ಅಂದ್ರೂ 17 ಲಕ್ಷ ಇರ್ಬೇಕು. ಎಲ್ಲಾ ಸೇರಿ 60 ಅಂತಿದ್ರ 55ರ ಮನಿ ಹುಡುಕ್ರಿ.

ಮನಿ ಬೇಕಾಗೇತಿ:

ಗುಂಠಾ, ಕುಸುಗಲ್ಲ ಎರಡೂ ಬಿಟ್ಟೆವು. ನವನಗರದ ಮನಿ ಅವ್ವಗ ಹಿಡಿಸೇತಿ, ಬಸ್ ಸ್ಟಾಪಿಗೆ ಆರು ನಿಮಿಷದ ನಡಿಗೆ. ಆದರ ಅಡಗಿಮನಿ ಕಿಟಕಿ ಮ್ಯಾಲ ಓರೆ ಬಿರುಕು ಐತಿ. ಮಾರೋರು ಈ ವಾರನ 5 ಲಕ್ಷ ಸಂಚಕಾರ ಕೇಳಾಕತ್ತಾರ.

ಗರಸು:

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ಅತಿ ಅಗಲದ ಜಾಗದಲ್ಲಿ ಅಳತೆ ತೆಗೆಯಿರಿ. 2 ಮಿ.ಮೀ. ಒಳಗಿದ್ದು ಹೊರಮೈಗೆ ದಾಟಿರದಿದ್ದರೆ ಗಾಬರಿ ಬೇಡ. 5 ಮಿ.ಮೀ. ಮೀರಿದ್ದರೆ, ಇಲ್ಲವೇ ಮೇಲೆ ಅಗಲ ಕೆಳಗೆ ಸಣ್ಣ ಇದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ಪಾಯದ ಪಕ್ಕ ಒಂದು ಗುಂಡಿ ತೋಡಿಸಿ ನೋಡಬೇಕು. ಅಡುಗೆಮನೆ ಎಂದಿದ್ದೀರಿ, ಮೊದಲು ಹೊರಗಿನ ಬಚ್ಚಲ ಪೈಪು, ಚೇಂಬರ್ ಸೋರುತ್ತವೆಯೇ ನೋಡಿ. ಒಂದೇ ಮೂಲೆ ನೆನೆದು ಅಲ್ಲಷ್ಟೇ ಬಿರುಕು ಬಿಟ್ಟಿದ್ದರೆ ಪೈಪು ಬದಲಿಸಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಮೂರು ಅಡಿ ಫರಸಿ ಹಾಕಿದರೆ ನಿಲ್ಲುವುದುಂಟು. ಒಂದು ಮಳೆ ಕಳೆಯುವವರೆಗೆ ಕಾಯಲು ಆದರೆ ಕಾಯಿರಿ.

ಉತಾರ ಓದ್ರಿ:

ಕಾಯಲಿಕ್ಕೆ ಮಾರವರು ಒಪ್ಪದಿದ್ರ ಸಂಚಕಾರ 1 ಲಕ್ಷಕ್ಕ ಇಳಸ್ರಿ, ರೊಕ್ಕ ಬ್ಯಾಂಕಿನಿಂದ ಬ್ಯಾಂಕಿಗೇ ಹೋಗ್ಲಿ. ಮನಿ 50 ಲಕ್ಷ ಮುಟ್ಟಿದ್ರ ಅವರಿಗೆ ಕೊಡೋ ರೊಕ್ಕದಾಗ ಶೇ. 1 ಟಿಡಿಎಸ್ (ಆದಾಯ ತೆರಿಗೆ) ನೀವ ಹಿಡಿದು ಕಟ್ಟಬೇಕು. ಅದನ್ನ ಈಗ ಅವರಿಗೆ ಹೇಳಿಬಿಡ್ರಿ, ಖರೇದಿ ದಿನ ಜಗಳ ಬ್ಯಾಡ. ಸಂಚಕಾರ ಪತ್ರದಾಗ ಈ ಮಾತು ಬರಸ್ರಿ: "ಬ್ಯಾಂಕಿನ ವಕೀಲರ ಅಭಿಪ್ರಾಯದಲ್ಲಿ ಹಕ್ಕಿನ ದೋಷ ಕಂಡುಬಂದಲ್ಲಿ ಅಥವಾ ಎಂಜಿನಿಯರ್ ವರದಿಯಲ್ಲಿ ಪಾಯದ ದೋಷ ಕಂಡುಬಂದಲ್ಲಿ, ಸಂಚಕಾರದ ಪೂರ್ಣ ಹಣವನ್ನು 15 ದಿನಗಳೊಳಗೆ ಮರಳಿಸತಕ್ಕದ್ದು." ಇದಕ್ಕ ಸಹಿ ಹಾಕಲಿಕ್ಕೆ ಹಿಂದ ಮುಂದ ನೋಡಿದ್ರ ರೊಕ್ಕ ಕೊಡಬ್ಯಾಡ್ರಿ.