ಫೈಟರ್, ಬಾಂಬರ್, ಟ್ಯಾಂಕರ್, ಎಲ್ಲಾದಕ್ಕೂ "ಯುದ್ಧವಿಮಾನ" ಒಂದೇನಾ? ಸ್ವಲ್ಪ ಪದ ಬೇಕಿತ್ತು

ಹೋದ ತಿಂಗಳು ಕಾರವಾರಕ್ಕೆ ಹೋಗಿದ್ವಿ. ಅಲ್ಲಿ ಬೀಚ್ ಪಕ್ಕ ಚಪಲ್ ಹಡಗಿನ ಮ್ಯೂಸಿಯಂ ಇದೆಯಲ್ಲ, ಅದರ ಹತ್ರಾನೇ ಈಗ ನೌಕಾಪಡೆಯ ಹಳೇ ಟುಪೊಲೆವ್-142 ತಂದು ನಿಲ್ಲಿಸಿದಾರೆ. ನಾನು ದೊಡ್ಡದಾಗಿ "ಬಾ ಯುದ್ಧವಿಮಾನ ತೋರಿಸ್ತೀನಿ" ಅಂತ ಅಣ್ಣನ ಮಗಳನ್ನ ಕರ್ಕೊಂಡು ಹೋದೆ, ಅವಳು ಒಂದು ಸುತ್ತು ನೋಡಿ "ಇದು ಎಷ್ಟು ವಿಮಾನ ಹೊಡೆದು ಬೀಳ್ಸಿದೆ?" ಅಂದ್ಲು. ಅದು ವಿಮಾನ ಹೊಡೆಯೋಕೆ ಅಂತ ಮಾಡಿದ್ದೇ ಅಲ್ಲ ಮಾರಾಯ್ರೆ. 1988ರಿಂದ 2017ರ ತನಕ ಅದರ ಕೆಲಸ ಅಂದ್ರೆ ಸಮುದ್ರದ ಮೇಲೆ ಗಂಟೆಗಟ್ಟಲೆ ಸುತ್ತಾಡಿ ನೀರೊಳಗಿನ ಸಬ್‌ಮರೀನ್ ಎಲ್ಲಿದೆ ಅಂತ ಹುಡುಕೋದು. ನಾಲ್ಕು ಇಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲರ್, ಒಂದು ಈ ಕಡೆ ತಿರುಗಿದ್ರೆ ಇನ್ನೊಂದು ಆ ಕಡೆ. ಹುಟ್ಟಿದ್ದು ಟುಪೊಲೆವ್-95 ಅನ್ನೋ ಬಾಂಬರ್ ಮನೆತನದಲ್ಲಿ, ಮಾಡಿದ್ದು ಕಾವಲು ಕಾಯೋ ಕೆಲಸ. ಇದನ್ನೆಲ್ಲ ಹೇಳೋಕೆ ಹೋದಾಗ ನನ್ನ ಹತ್ರ ಕನ್ನಡದಲ್ಲಿ ಪದಾನೇ ಇಲ್ಲ ಅಂತ ಗೊತ್ತಾಯ್ತು, ತಪ್ಪು ಅವಳದ್ದಲ್ಲ, ನಂದು.

ಅದಕ್ಕೇ ಇಲ್ಲಿ ಕೇಳ್ತಿದೀನಿ. ಗೆಳೆಯ ಒಬ್ಬ ಮೇಷ್ಟ್ರು, ಅವನ ಸ್ಕೂಲಿಗೆ ವಿಮಾನಗಳ ಒಂದು ಚಾರ್ಟ್ ಮಾಡ್ಕೊಡ್ತೀನಿ ಅಂತ ಒಪ್ಕೊಂಡಿದೀನಿ. ಚಿತ್ರ ರೆಡಿ, ಕೆಳಗೆ ಬರೆಯೋ ಹೆಸರೇ ಇಲ್ಲ.

ಮೊದಲನೇ ತೊಂದ್ರೆ "ಯುದ್ಧವಿಮಾನ". ಇಂಗ್ಲಿಷಿನ ಫೈಟರ್, ಕಾಂಬ್ಯಾಟ್ ಏರ್‌ಕ್ರಾಫ್ಟ್, ವಾರ್‌ಪ್ಲೇನ್ ಮೂರೂ ನಮ್ಮಲ್ಲಿ ಇದೊಂದೇ ಆಗಿ ಕೂತಿದೆ. ತೇಜಸ್‌ನ ಲಘು ಯುದ್ಧವಿಮಾನ ಅಂತೀವಿ, ಸರಿ, ಅದು ಕಾಂಬ್ಯಾಟ್ ಅನ್ನೋದಕ್ಕೆ ನೇರವಾಗೇ ಹೊಂದುತ್ತೆ. ಆದ್ರೆ 2017ರಲ್ಲಿ ಆಗ್ರಾ-ಲಖನೌ ಎಕ್ಸ್‌ಪ್ರೆಸ್‌ವೇ ಮೇಲೆ ಮಿರಾಜ್, ಸುಖೋಯ್ ಅನ್ನೋ ಫೈಟರ್‌ಗಳ ಜೊತೆ ಹರ್ಕ್ಯುಲಿಸ್ ಕೂಡ ಇಳೀತಲ್ಲ, ಅದೂ ನಮ್ಮ ಬಾಯಲ್ಲಿ ಯುದ್ಧವಿಮಾನಾನೇ. ಹರ್ಕ್ಯುಲಿಸ್ ಅಂದ್ರೆ ಪಡೆಯವರ ಲಾರಿ ಕಣ್ರೀ! ಜನ, ಸಾಮಾನು, ಜೀಪು ಹೊರೋದು. ಬೂದು ಬಣ್ಣ ಬಳಿದು ರೆಕ್ಕೆ ಮೇಲೆ ಮೂರು ಬಣ್ಣದ ಚಕ್ರ ಬರೆದಿದ್ರೆ ಸಾಕು, ನಮಗೆ ಯುದ್ಧವಿಮಾನ.

ಫೈಟರ್‌ಗೆ ನಂಗೆ ಹೊಳೆದಿದ್ದು "ಕಾಳಗ ವಿಮಾನ". ಯಾಕಂದ್ರೆ ಫೈಟರ್‌ನ ಮೂಲ ಕೆಲಸ ಇನ್ನೊಂದು ವಿಮಾನದ ಜೊತೆ ಬಡಿದಾಡೋದು. ಇಂಗ್ಲಿಷ್‌ನೋರು ಅದನ್ನ ನಾಯಿ ಜಗಳ ಅಂತಾರೆ, ನಮ್ಮಲ್ಲಿ ಹುಂಜದ ಕಾಳಗ ಅಂದ್ರೆ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತೆ, ಸುತ್ತಿ ಸುತ್ತಿ ಹಿಂದಿಂದ ಬಂದು ಕುಕ್ಕೋದು. ಮೇಷ್ಟ್ರಿಗೆ ಹೇಳಿದ್ರೆ ನಕ್ಕುಬಿಟ್ಟ. "ಕಾಳಗ ಅಂದ ತಕ್ಷಣ ಯಕ್ಷಗಾನದ ಚೆಂಡೆ ಕೇಳುತ್ತೆ ಕಣೋ" ಅಂತ. ಅವನು ಕರಾವಳಿಯವನು, ಪ್ರಸಂಗದ ಹೆಸರಲ್ಲೆಲ್ಲ ಕಾಳಗ ನೋಡಿ ಬೆಳೆದೋನು. ನಮ್ಮ ಮಂಡ್ಯ ಕಡೆ ಹಂಗೇನಿಲ್ಲ. ನಿಮಗೆ ಹೇಗೆ ಕೇಳುತ್ತೆ ಹೇಳಿ.

ಫೈಟರಲ್ಲೇ ಇಂಟರ್‌ಸೆಪ್ಟರ್ ಅಂತ ಒಂದು ಜಾತಿ. ಮಿಗ್-21 ಹುಟ್ಟಿದ್ದೇ ಹಾಗೆ, ಬೇಗ ಮೇಲೇರು, ಬರ್ತಿರೋದನ್ನ ತಡಿ, ವಾಪಸ್ ಇಳಿ, ಹೊಟ್ಟೇಲಿ ಎಣ್ಣೆ ಕಮ್ಮಿ ಆದ್ರಿಂದ ದೂರ ಹೋಗೋ ಮಾತೇ ಇಲ್ಲ. 1963ರಲ್ಲಿ ನಮ್ಮ ವಾಯುಪಡೆಗೆ ಬಂದಿದ್ದು 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಬೀಳ್ಕೊಟ್ರು, ಅಷ್ಟು ವರ್ಷದಲ್ಲಿ ಅದರ ಹತ್ರ ಏನೇನೋ ಕೆಲಸ ಮಾಡಿಸಿದ್ರು ಅದು ಬೇರೆ ವಿಷ್ಯ. ಇಂಟರ್‌ಸೆಪ್ಟರ್‌ಗೆ "ಪ್ರತಿಬಂಧಕ" ಅಂದ್ರೆ ಯಾವುದೋ ಔಷಧಿ ತರ ಇರುತ್ತೆ. "ಅಡ್ಡಗಟ್ಟು ವಿಮಾನ" ಅಂದ್ರೆ ಅಜ್ಜಿಗೂ ಅರ್ಥ ಆಗುತ್ತೆ. ಇದರಲ್ಲಿ ನಂಗೆ ಡೌಟೇ ಇಲ್ಲ.

ನೆಲದ ಮೇಲಿನ ಟ್ಯಾಂಕು ಗೀಂಕು ಹೊಡೆಯೋದಕ್ಕೆ "ದಾಳಿ ವಿಮಾನ". ಅಮೆರಿಕದ ಎ-10 ಇದಕ್ಕೆ ಒಳ್ಳೇ ಉದಾಹರಣೆ, 30 ಮಿಲಿಮೀಟರ್‌ನ ಏಳು ನಳಿಗೆಯ ಗನ್ ಇಟ್ಟು ಅದರ ಸುತ್ತ ವಿಮಾನ ಕಟ್ಟಿದಾರೆ ಅನ್ನೋ ಹಾಗಿದೆ, ಪೈಲಟ್ ಕೂರೋದು ಟೈಟಾನಿಯಂ ಬಾನಿಯೊಳಗೆ. ಅಡ್ಡಹೆಸರು ವಾರ್ಟ್‌ಹಾಗ್, ಅದಕ್ಕೆ ಕಾಡುಹಂದಿ ಅಂತ ಬರೀಬೇಡಿ ದಯವಿಟ್ಟು, ಅದು ಆಫ್ರಿಕಾದ ಬೇರೆ ಪ್ರಾಣಿ, ಮುಖದ ತುಂಬ ಗಂಟು ಇರುತ್ತೆ.

ಹಾಗಂತ ಇಂಗ್ಲಿಷಲ್ಲಿ ಎಲ್ಲಾ ಸರಿಯಾಗಿದೆ ಅಂದ್ಕೋಬೇಡಿ. ಎಫ್-117 ಅಂತ ರಾಡಾರ್‌ಗೆ ಸುಲಭಕ್ಕೆ ಸಿಗದ ಆ ಕಪ್ಪು ಸ್ಟೆಲ್ತ್ ವಿಮಾನ ಇತ್ತಲ್ಲ, ಎಫ್ ಅಂದ್ರೆ ಫೈಟರ್, ಆದ್ರೆ ಅದಕ್ಕೆ ಗನ್ನೇ ಇರ್ಲಿಲ್ಲ, ರಾತ್ರಿ ಹೋಗಿ ಬಾಂಬ್ ಹಾಕಿ ಬರೋದಷ್ಟೇ ಕೆಲಸ. ನಮ್ಮ ಬೆಂಗಳೂರಿನ ಮಾರುತ್ ಕೂಡ ಹಾಗೇ. ಎಚ್‌ಎಫ್-24, ಅಂದ್ರೆ ಹಿಂದೂಸ್ತಾನ್ ಫೈಟರ್, ಜರ್ಮನಿಯ ಇಂಜಿನಿಯರ್ ಕುರ್ಟ್ ಟ್ಯಾಂಕ್ ಬಂದು ಡಿಸೈನ್ ಮಾಡಿದ್ದು, 1961ರ ಜೂನ್ 17ಕ್ಕೆ ಮೊದಲು ಹಾರಿದ್ದು. ಬೇಕಾದ ಶಕ್ತಿಯ ಇಂಜಿನ್ ಸಿಗಲೇ ಇಲ್ಲ, ಅಂದುಕೊಂಡ ವೇಗ ಬರಲೇ ಇಲ್ಲ, ಕೊನೆಗೆ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ನೆಲದ ಮೇಲಿನ ಗುರಿ ಹೊಡೆಯೋದ್ರಲ್ಲಿ ಒಳ್ಳೇ ಹೆಸರು ಮಾಡ್ತು. ಹೆಸರಲ್ಲಿ ಕಾಳಗ, ಕೆಲಸದಲ್ಲಿ ದಾಳಿ. ಚಾರ್ಟಲ್ಲಿ ಯಾವ ಕಾಲಂಗೆ ಹಾಕ್ಲಿ? ನಾನು ಕೆಲಸ ನೋಡಿ ಹಾಕ್ತೀನಿ.

ಈಗ ಟ್ಯಾಂಕರ್. ಬೆಂಗಳೂರಲ್ಲಿ ಟ್ಯಾಂಕರ್ ಅಂದ್ರೆ ಒಂದೇ ಅರ್ಥ, ಮಾರ್ಚ್ ಬಂದ್ರೆ ಫೋನ್ ಎತ್ತಲ್ಲ. ಗಾಳೀಲಿ ಹಾರ್ತಾ ಬೇರೆ ವಿಮಾನಕ್ಕೆ ಎಣ್ಣೆ ಕೊಡೋ ಇಲ್ಯೂಷಿನ್-78 ಆಗ್ರಾದಲ್ಲಿದೆ. ಹಿಂದಕ್ಕೆ ಉದ್ದ ಪೈಪ್ ಬಿಡುತ್ತೆ, ತುದೀಲಿ ಬುಟ್ಟಿ ತರ ಇರುತ್ತೆ, ಹಿಂದಿಂದ ಬಂದ ಸುಖೋಯ್ ಅದಕ್ಕೆ ಮೂತಿ ಕೊಟ್ಟು ಕುಡಿಯುತ್ತೆ. ನೋಡಿದ್ರೆ ಥೇಟ್ ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ. ಪುಸ್ತಕದ ಭಾಷೇಲಿ "ವಾಯುಮಧ್ಯ ಇಂಧನ ಮರುಪೂರಣ ವಿಮಾನ", ಇದನ್ನ ಓದಿ ಮುಗಿಸೋ ಹೊತ್ತಿಗೆ ಎಣ್ಣೆ ಖಾಲಿ. "ಉಣಿಸು ವಿಮಾನ"? "ಎಣ್ಣೆ ಊಡೋ ವಿಮಾನ"? ಇಲ್ಲಿ "ಎಣ್ಣೆ" ಬಳಸೋಕೂ ಭಯ, ಹುಡುಗ್ರು ಬೇರೆ ಅರ್ಥ ಹಿಡಿದು ಕಿಸಕ್ಕಂತಾರೆ.

ಎಣ್ಣೆ ಅಂದಾಗ ಇನ್ನೊಂದು. ಉತ್ತರ ಕರ್ನಾಟಕದ ಕಡೆ ಬೆಳೆಗೆ ಔಷಧಿ ಹೊಡೆಯೋದನ್ನ "ಎಣ್ಣಿ ಹೊಡಿಯೂದು" ಅಂತಾರಲ್ಲ. ಎಚ್‌ಎಎಲ್‌ನೋರು ಅದಕ್ಕೇ ಅಂತ ಬಸಂತ್ ಅನ್ನೋ ವಿಮಾನ ಮಾಡಿದ್ರು, 1970ರ ದಶಕದಲ್ಲಿ, ಹೊಲದ ಮೇಲೆ ತಗ್ಗಲ್ಲಿ ಹಾರ್ತಾ ಸಿಂಪಡಿಸೋಕೆ. ಈಗ ತಮಾಷೆ ಕೇಳಿ. ಅದಕ್ಕೂ ಮುಂಚೆ "ಕೃಷಕ್" ಅಂತ ಒಂದು ವಿಮಾನ ಮಾಡಿದ್ರು. ಹೆಸರು ರೈತ. ನಾನು ಎಷ್ಟೋ ವರ್ಷ ಅದೇ ಹೊಲಕ್ಕೆ ಔಷಧಿ ಹೊಡೆಯೋದು ಅಂದ್ಕೊಂಡಿದ್ದೆ. ಅದು ಸೈನ್ಯದ್ದು! ಪುಷ್ಪಕ್ ಅನ್ನೋ ಫ್ಲೈಯಿಂಗ್ ಕ್ಲಬ್ ವಿಮಾನಾನೇ ದೊಡ್ಡದು ಮಾಡಿ, ಫಿರಂಗಿ ಗುಂಡು ಎಲ್ಲಿ ಬೀಳ್ತಿದೆ ಅಂತ ಮೇಲಿಂದ ನೋಡಿ ಹೇಳೋಕೆ ಬಳಸ್ತಿದ್ರು. ರೈತನ ಹೆಸರಿಂದು ಯುದ್ಧಕ್ಕೆ, ವಸಂತ ಋತು ಹೆಸರಿಂದು ಹೊಲಕ್ಕೆ. ಈ ನೋಡಿ ಹೇಳೋ ವಿಮಾನಕ್ಕೆ ಏನನ್ನೋಣ? "ವೀಕ್ಷಣಾ" ಅಂದ್ರೆ ಜೋಗಕ್ಕೆ ಟೂರ್ ಹೋದಂಗಿರುತ್ತೆ.

ಇದರ ಪಕ್ಕದ್ದೇ ಇನ್ನೊಂದು ಗೊಂದಲ, ಬೇಹುಗಾರಿಕೆ ಮತ್ತು ಕಣ್ಗಾವಲು, ಎರಡನ್ನೂ ಅದಲು ಬದಲು ಮಾಡಿ ಬರೀತಿದೀವಿ. 1960ರ ಮೇ 1ಕ್ಕೆ ರಷ್ಯನ್ನರು ಹೊಡೆದುರುಳಿಸಿದ ಅಮೆರಿಕದ ಯು-2 ಇದೆಯಲ್ಲ, ಅದು ಬೇಹು, ಕದ್ದು ಹೋಗಿದ್ದು, ಸಿಕ್ಕಿಹಾಕ್ಕೊಂಡಿದ್ದು. ನಮ್ಮ ನೇತ್ರ ಹಾಗಲ್ಲ. ಎಂಬ್ರೇಯರ್‌ನ ಪ್ಯಾಸೆಂಜರ್ ಜೆಟ್ ಬೆನ್ನ ಮೇಲೆ ಉದ್ದ ರಾಡಾರ್ ಹೊತ್ಕೊಂಡು ನಮ್ಮ ಗಡಿಯೊಳಗೇ ನಿಂತು ದೂರ ನೋಡೋದು, ಅದು ಕಣ್ಗಾವಲು. ಬೇಹು ಅನ್ನೋದ್ರಲ್ಲಿ ಕಳ್ಳತನದ ವಾಸನೆ ಇದೆ, ಹಾಗಾಗಿ ನೇತ್ರಕ್ಕೆ ಬೇಹುಗಾರಿಕೆ ವಿಮಾನ ಅಂದ್ರೆ ನಂಗೆ ಸರಿ ಕಾಣಲ್ಲ. ಕಾರವಾರದ ಟುಪೊಲೆವ್‌ಗೆ ಮಾತ್ರ "ಗಸ್ತು ವಿಮಾನ" ಅಂತ ಫಿಕ್ಸ್ ಮಾಡಿದೀನಿ, ಪೊಲೀಸರ ಗಸ್ತು ಎಲ್ಲರಿಗೂ ಗೊತ್ತು.

ಹಾಂ, "ಲೋಹದ ಹಕ್ಕಿ", "ಉಕ್ಕಿನ ಹಕ್ಕಿ" ಅಂತ ಯಾರೂ ಸಲಹೆ ಕೊಡ್ಬೇಡಿ, ಯಲಹಂಕದಲ್ಲಿ ಏರ್ ಶೋ ಬಂದಾಗಲೆಲ್ಲ ಓದಿ ಓದಿ ಸುಸ್ತಾಗಿದೆ. ವಿಮಾನಕ್ಕೆ ಬಳಸೋದು ಹೆಚ್ಚಾಗಿ ಅಲ್ಯೂಮಿನಿಯಂ, ತೇಜಸ್‌ನಲ್ಲಂತೂ ಕಾರ್ಬನ್ ಕಾಂಪೋಸಿಟ್ಟೇ ಜಾಸ್ತಿ. ಬಹುಪಾಲು ಉಕ್ಕಲ್ಲಿ ಮಾಡಿದ್ದು ಅಂದ್ರೆ ಮಿಗ್-25, ವೇಗಕ್ಕೆ ಮೈ ಬಿಸಿಯಾಗುತ್ತೆ ಅಂತ. ಉಕ್ಕಿನ ಹಕ್ಕಿ ಅನ್ನೋದನ್ನ ಅದೊಂದಕ್ಕೆ ಬಿಟ್ಟುಬಿಡೋಣ.

ಕೊನೇದಾಗಿ ಒಂದು ರಿಕ್ವೆಸ್ಟ್. ವಿಮಾನಪುರ, ಮುರುಗೇಶಪಾಳ್ಯ ಕಡೆ ಎಚ್‌ಎಎಲ್ ಫ್ಯಾಕ್ಟ್ರಿ ಕ್ವಾರ್ಟರ್ಸಲ್ಲಿ ಬೆಳೆದೋರು ಇಲ್ಲಿ ಇದ್ದೇ ಇರ್ತೀರ. ನಿಮ್ಮ ಮನೇಲಿ ಹಿರಿಯರು ಶಾಪಿಂದ ಬಂದು ಇವುಗಳ ಬಗ್ಗೆ ಮಾತಾಡುವಾಗ ಏನಂತಿದ್ರು? ಬೆಳ್ಳಂದೂರು ಕೆರೇಲಿ ಎರಡನೇ ಮಹಾಯುದ್ಧದಾಗ ಕ್ಯಾಟಲಿನಾ ಇಳೀತಿತ್ತಲ್ಲ, ರಿಪೇರಿಗೆ ಬರ್ತಿದ್ದವು, ನೀರ ಮೇಲೆ ಇಳಿಯೋ ದೋಣಿ ಹೊಟ್ಟೆಯ ವಿಮಾನ. ಕೆರೆ ದಡದ ಹಳ್ಳಿಯೋರು ಅದನ್ನ ನೋಡಿ ಏನೋ ಒಂದು ಹೆಸರು ಇಟ್ಟೇ ಇಟ್ಟಿರ್ತಾರೆ. ಅದು ಯಾರ ಕಿವಿಗಾದ್ರೂ ಬಿದ್ದಿದ್ರೆ ಹೇಳಿ, ಚಾರ್ಟಲ್ಲಿ ಆ ಜಾಗ ಖಾಲಿ ಇಟ್ಟಿದೀನಿ.