ಪ್ಯಾಕ್ಸ್-6 ವಂಶವಾಹಿಯ ಒಂದು ಪ್ರತಿ ಕೆಟ್ಟರೆ ಇನ್ನೊಂದು ಸಾಲುವುದಿಲ್ಲವೇ?

ಪ್ರಶ್ನೆ: ಶಾಲಾ ಶಿಕ್ಷಕಿ, ಇಂಡಿ ತಾಲ್ಲೂಕು

ನಮ್ಮ ಶಾಲೆಯ ಒಂದನೆಯ ತರಗತಿಯಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಪ್ರಾರ್ಥನೆಗೆ ಅಂಗಳದಲ್ಲಿ ನಿಲ್ಲಿಸಿದರೆ ಬಿಸಿಲಿಗೆ ಬೆನ್ನು ಮಾಡಿ, ಪಾಟಿಯನ್ನು ಹುಬ್ಬಿಗೆ ಅಡ್ಡ ಹಿಡಿದು ನಿಲ್ಲುತ್ತಾಳೆ. ಹತ್ತಿರದಿಂದ ನೋಡಿದರೆ ಪಾಪೆಯ ಸುತ್ತ ಇರಬೇಕಾದ ಬಣ್ಣದ ಪಟಲವೇ ಕಾಣುವುದಿಲ್ಲ. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಸಣ್ಣಗೆ ಓಲಾಡುತ್ತವೆ. ಸೊಲ್ಲಾಪುರದ ವೈದ್ಯರು ಇದನ್ನು ಅನಿರಿಡಿಯಾ ಎಂದು ಗುರುತಿಸಿ, ಪ್ಯಾಕ್ಸ್-6 ವಂಶವಾಹಿಯ ದೋಷವಿರಬಹುದೆಂದು ಬರೆದುಕೊಟ್ಟಿದ್ದಾರೆ. ಮನೆತನದಲ್ಲಿ ಬೇರೆ ಯಾರಿಗೂ ಇಲ್ಲ. ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದೇ ಕಾರಣವೆಂದು ಓಣಿಯವರು ತಾಯಿಯನ್ನು ದೂರುತ್ತಿದ್ದಾರೆ. ಈ ವಂಶವಾಹಿ ನಿಜವಾಗಿ ಏನು ಮಾಡುತ್ತದೆ, ಅದರ ಕೆಲಸ ಕಣ್ಣಿಗಷ್ಟೇ ಸೀಮಿತವೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ: ಜೀವವಿಜ್ಞಾನ ಉಪನ್ಯಾಸಕ, ಬಾಗಲಕೋಟೆ

ಅಕ್ಕೋರೆ, ಪ್ಯಾಕ್ಸ್-6 ಇರುವುದು 11ನೆಯ ವರ್ಣತಂತುವಿನ ಗಿಡ್ಡ ಭುಜದಲ್ಲಿ. ಅದರಿಂದ ತಯಾರಾಗುವ ಪ್ರೋಟೀನಿನಲ್ಲಿ 422 ಅಮೈನೋ ಆಮ್ಲಗಳಿವೆ. ನಮ್ಮ ಕಡೆಯ ಮಗ್ಗಗಳಲ್ಲಿ ಜಕಾರ್ಡಿನ ತೂತುಬಿದ್ದ ಕಾರ್ಡುಗಳನ್ನು ನೀವು ನೋಡಿರಬಹುದು. ಕಾರ್ಡು ತಾನು ಬಟ್ಟೆಯೊಳಗೆ ಸೇರುವುದಿಲ್ಲ, ಯಾವ ಎಳೆ ಮೇಲೇಳಬೇಕೆಂಬುದನ್ನು ಮಾತ್ರ ಗೊತ್ತುಮಾಡುತ್ತದೆ. ಈ ಪ್ರೋಟೀನಿನದೂ ಅದೇ ಬಗೆಯ ಕೆಲಸ: ಡಿಎನ್‌ಎಯ ನಿರ್ದಿಷ್ಟ ತಾಣಗಳನ್ನು ಹಿಡಿದುಕೊಂಡು, ಮಸೂರದ ಕ್ರಿಸ್ಟಲಿನ್‌ನಂತಹ ಪ್ರೋಟೀನುಗಳ ವಂಶವಾಹಿಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ತಡೆಯುತ್ತದೆ. ಹಿಡಿಯುವ ಭಾಗಗಳು ಎರಡು. 128 ಅಮೈನೋ ಆಮ್ಲಗಳ ಪೇರ್ಡ್ ಡೊಮೇನ್ ಮತ್ತು 60ರ ಹೋಮಿಯೋಡೊಮೇನ್. ಇದೇ ವಂಶವಾಹಿಯಿಂದ ಮೊದಲನೆಯ ಭಾಗದೊಳಗೆ 14 ಅಮೈನೋ ಆಮ್ಲಗಳು ಹೆಚ್ಚಾಗಿ ಸೇರಿದ ಇನ್ನೊಂದು ರೂಪವೂ ತಯಾರಾಗುತ್ತದೆ. ಅಷ್ಟರಿಂದಲೇ ಅದು ಹುಡುಕುವ ತಾಣ ಬದಲಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ತಂಡ ಹಣ್ಣುನೊಣದ ಇದೇ ವಂಶವಾಹಿಯನ್ನು ಕಾಲು, ರೆಕ್ಕೆಗಳಾಗುವ ಅಂಗಾಂಶದಲ್ಲಿ ಚಾಲೂ ಮಾಡಿದಾಗ ಅಲ್ಲಿಯೇ ಕಣ್ಣುಗಳು ಮೂಡಿದವು. ಇಲಿಯ ವಂಶವಾಹಿಯನ್ನು ಹಾಕಿದರೂ ಮೂಡಿದ್ದು ನೊಣದ ಸಂಯುಕ್ತ ಕಣ್ಣೇ. ಆರಂಭಿಸುವ ಆಜ್ಞೆ ಮಾತ್ರ ಇದರದು, ಕಟ್ಟುವ ಸಾಮಗ್ರಿ ಆಯಾ ಪ್ರಾಣಿಯದು.

ಉತ್ತರ: ನೇತ್ರತಜ್ಞೆ, ಬೆಳಗಾವಿ

ಎರಡು ಪ್ರತಿಗಳಲ್ಲಿ ಒಂದು ಕೆಟ್ಟಾಗ ಪ್ರೋಟೀನು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅನೇಕ ವಂಶವಾಹಿಗಳಲ್ಲಿ ಅರ್ಧವೇ ಸಾಕಾಗುತ್ತದೆ, ಇಲ್ಲಿ ಸಾಲುವುದಿಲ್ಲ. ಇಲಿಗಳಲ್ಲಿ ಹೆಚ್ಚುವರಿ ಪ್ರತಿಗಳನ್ನು ಸೇರಿಸಿದಾಗಲೂ ಕಣ್ಣು ಕೆಟ್ಟಿದೆ, ಅಂದರೆ ಪ್ರಮಾಣ ತಪ್ಪುವುದೇ ದೋಷ. ಇದು ಮಿದುಳು, ಮೂಗಿನ ಘ್ರಾಣವ್ಯವಸ್ಥೆ, ಮೇದೋಜೀರಕದ ಹಾರ್ಮೋನು ಕೋಶಗಳ ಬೆಳವಣಿಗೆಯಲ್ಲೂ ಕೆಲಸ ಮಾಡುತ್ತದೆ. ಅನಿರಿಡಿಯಾ ಇರುವ ಕೆಲವರಿಗೆ ವಾಸನೆ ಸರಿಯಾಗಿ ತಿಳಿಯದು.

ಒಂದು ಮಾತನ್ನು ದಯವಿಟ್ಟು ತಡಮಾಡದೆ ಮನೆಯವರಿಗೆ ತಿಳಿಸಿ. ಮನೆತನದಲ್ಲಿ ಯಾರಿಗೂ ಇಲ್ಲದೆ ಬಂದಿದ್ದರೆ, ಪ್ಯಾಕ್ಸ್-6ರ ಜೊತೆಗೆ ಹತ್ತಿರದ ಡಬ್ಲ್ಯೂಟಿ-1 ವಂಶವಾಹಿಯೂ ಕಳಚಿಹೋಗಿರುವ ಸಾಧ್ಯತೆ ಇರುತ್ತದೆ. ಆಗ ಮೂತ್ರಪಿಂಡದಲ್ಲಿ ವಿಲ್ಮ್ಸ್ ಗಡ್ಡೆ ಬೆಳೆಯುವ ಅಪಾಯ ಬಹಳ. ವಂಶವಾಹಿ ಪರೀಕ್ಷೆಯಿಂದ ಅದು ಇಲ್ಲವೆಂದು ಖಚಿತವಾಗುವವರೆಗೆ ಈ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸೋನೋಗ್ರಫಿ ಆಗಲೇಬೇಕು. ಗ್ಲಾಕೋಮಾಕ್ಕಾಗಿ ಕಣ್ಣಿನ ಒತ್ತಡವನ್ನೂ ತಪ್ಪದೆ ನೋಡಿಸಬೇಕು. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಂಡಾಣು ಅಥವಾ ವೀರ್ಯಾಣುವಿನಲ್ಲಿ ತಾನಾಗಿ ಆಗುವ ಬದಲಾವಣೆಗೆ ತಾಯಿಯನ್ನು ದೂರುವುದು ಅನ್ಯಾಯ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ನಿಂಬೆ ತೋಟದ ಕೆಲಸದಿಂದ ಬಂದ ತಾಯಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಸೋನೋಗ್ರಫಿಗೆ ಸೋಮವಾರ ಹೋಗುತ್ತಾರೆ. ಹುಡುಗಿಯನ್ನು ಕಿಟಕಿಗೆ ಬೆನ್ನಾಗಿ, ಹಲಗೆಯ ಹತ್ತಿರ ಕೂರಿಸಿದ್ದೇನೆ. ಮುಂದಿನ ಮಗುವಿಗೂ ಹೀಗಾಗುವುದೇ ಎಂದು ಆಕೆ ಕೇಳಿದಳು.

ಉತ್ತರ: ನೇತ್ರತಜ್ಞೆ, ಬೆಳಗಾವಿ

ತಂದೆತಾಯಿ ಇಬ್ಬರ ಕಣ್ಣುಗಳನ್ನೂ ಪರೀಕ್ಷಿಸಿ ದೋಷವಿಲ್ಲವೆಂದು ತಿಳಿದರೆ ಸಂಭವ ತೀರ ಕಡಿಮೆ. ಆದರೂ ಅವರ ಕೆಲವು ಜನನಕೋಶಗಳಲ್ಲಿ ಬದಲಾವಣೆ ಅಡಗಿರಬಹುದಾದ್ದರಿಂದ ಸೊನ್ನೆ ಎನ್ನಲಾಗದು. ಈ ಹುಡುಗಿಗೆ ಮುಂದೆ ಹುಟ್ಟುವ ಪ್ರತಿ ಮಗುವಿಗೆ ಮಾತ್ರ ಅದು ಶೇ. 50. ಸೋನೋಗ್ರಫಿಯ ವರದಿ ಬಂದ ಮೇಲೆ ಇಲ್ಲಿಯೇ ಬರೆಯಿರಿ, ನಾನು ನೋಡುತ್ತೇನೆ.